ಜಂತಿಯ ಮೇಲಿನ ಭರಣಿ

ನಮ್ಮಂಥ ಅರಮನೆಯ ಖೋಜಾಗಳಿಗೆ ಅದು ಎರಡು ಸಲ ಬೇಕೇ ಬೇಕು: ಬಡ್ತಿ ಸಿಗುವಾಗ ತಪಾಸಣೆಯವರಿಗೆ ತೋರಿಸಲು, ಸತ್ತಾಗ ಜೊತೆಗೆ ಹೂಳಲು. ಸೇವೆಗೆ ಸೇರುವ ಮುನ್ನ ನಮ್ಮಿಂದ ಕೊಯ್ದ ಗಂಡಸುತನವನ್ನು ಕತ್ತಿಯವನು ಸುಣ್ಣದಲ್ಲಿಟ್ಟು ಪುಟ್ಟ ಭರಣಿಗೆ ಹಾಕಿಕೊಡುತ್ತಾನೆ. ಅದಿಲ್ಲದೆ ಹೋದವನನ್ನು ಯಮ ಅರೆ ಮನುಷ್ಯ ಎಂದು ಬೈದು ಹೇಸರಗತ್ತೆಯಾಗಿ ಹುಟ್ಟಿಸುತ್ತಾನೆ.

ಪಾಂಗ್ ಅಣ್ಣನ ಭರಣಿಯನ್ನು ಇಲಿಗಳು ಖಾಲಿ ಮಾಡಿದ್ದವು. ಆಗ ನಾವಿಬ್ಬರೂ ಬೀಜಿಂಗ್ ಅರಮನೆಯ ಅಡುಗೆಮನೆಗೆ ನೀರು ಹೊರುತ್ತಿದ್ದೆವು. ಅವನಿಗೆ ಬಡ್ತಿಯ ಕರೆ ಬಂತು.

"ಷೆನ್, ತಮ್ಮಾ, ನಿಂದು ಒಂದಿನ ಕೊಡೋ. ತೋರಿಸಿ ತಂದ್ಬಿಡ್ತೀನಿ."

"ಅದೇನು ಛತ್ರಿನಾ ಅಣ್ಣಾ, ಎರವಲು ಕೊಡೋಕೆ?"

ಆದರೂ ಕೊಟ್ಟೆ. ನನ್ನಂಥ ದಡ್ಡ ಇನ್ನೊಬ್ಬನಿಲ್ಲ.

ಭರಣಿ ಎಷ್ಟು ಎತ್ತರದಲ್ಲಿರುತ್ತದೋ ಒಡೆಯ ಅಷ್ಟು ಮೇಲೇರುತ್ತಾನೆ ಎಂಬುದು ನಮ್ಮವರ ನಂಬಿಕೆ. ಅಣ್ಣ ನನ್ನ ಭರಣಿಯನ್ನು ವಾಪಸು ಕೊಡದೆ ತನ್ನ ಮನೆಯ ಜಂತಿಗೆ ಕಟ್ಟಿದ. ಮೊದಲು ಚಹಾದ ಉಸ್ತುವಾರಿ, ಆಮೇಲೆ ಉಡುಪಿನ ಕೋಣೆ, ಕೊನೆಗೆ ಚಕ್ರವರ್ತಿಯ ಮುದ್ರೆಯೇ ಅವನ ಕೈಗೆ ಬಂತು. ಅವನು ಸೀನಿ ಮುಗಿಸುವವರೆಗೆ ಮಂತ್ರಿಗಳು ತಲೆಬಾಗಿ ನಿಲ್ಲುತ್ತಿದ್ದರು. ನನಗೆ ಬಡ್ತಿ ಬಂದಾಗಲೆಲ್ಲ ತೋರಿಸಲು ಏನೂ ಇರಲಿಲ್ಲ. ನೀರು ಹೊರುತ್ತಲೇ ಇದ್ದೆ.

ಕೇಳಿದರೆ, "ಇನ್ನೊಂದೇ ಮೆಟ್ಟಿಲು ಕಣೋ, ಆಮೇಲೆ ಕೊಡ್ತೀನಿ," ಎನ್ನುತ್ತಿದ್ದ.

"ಅಣ್ಣಾ, ನಿನ್ನ ಮೇಲೆ ಉಳಿದಿರೋದು ಚಕ್ರವರ್ತಿ ಒಬ್ಬರೇ!"

"ಶ್!" ಎಂದು ಬಾಗಿಲ ಕಡೆ ನೋಡಿದ.

ಮುದಿ ಚಕ್ರವರ್ತಿ ತೀರಿಕೊಂಡರು. ಪಟ್ಟಕ್ಕೆ ಬಂದ ಅವರ ಮಗನನ್ನು ಅಣ್ಣ ಹಿಂದೊಮ್ಮೆ ತಂದೆಯ ಬಾಗಿಲಲ್ಲೇ ಅರ್ಧ ದಿನ ಕಾಯಿಸಿದ್ದ. ಪಟ್ಟಕ್ಕೇರಿದ ಮೂರನೇ ದಿನವೇ ಅವನ ಮನೆಗೆ ಬೀಗಮುದ್ರೆ ಬಿತ್ತು. ಅಂಗೈಗೆ ಹಿಡಿಸುವ ಒಂದೇ ವಸ್ತು ಹಿಡಿದು ಹೊರಡು ಎಂದು ಅಪ್ಪಣೆಯಾಯಿತು. ಮನೆಯಲ್ಲಿದ್ದ ಪುಟ್ಟ ಬಂಗಾರದ ಬುದ್ಧನನ್ನೇ ಒಯ್ಯುತ್ತಾನೆ ಎಂದು ಊರೆಲ್ಲ ಮಾತಾಡಿತು. ಅಷ್ಟರಲ್ಲಿ ನಾನು ಪಶ್ಚಿಮದ ಬೆಟ್ಟದ ಗುಡಿಯಲ್ಲಿ ಮುದಿ ಖೋಜಾಗಳ ಜೊತೆ ಸೇರಿಕೊಂಡಿದ್ದೆ. ಸುದ್ದಿ ಕೇಳಿ, ನನ್ನ ಭರಣಿ ಬೊಕ್ಕಸ ಸೇರಿತು, ಹೇಸರಗತ್ತೆಯ ಜನ್ಮ ಖಾಯಂ ಎಂದು ಅತ್ತುಬಿಟ್ಟೆ.

ಎಂಟನೇ ದಿನ ಹರಿದ ಜೋಡು ಎಳೆಯುತ್ತ ಅವನೇ ಬಂದ. ಎದೆಗೆ ಭರಣಿ ಅವಚಿಕೊಂಡಿದ್ದ.

"ತಗೋ. ಇಲಿ ಮುಟ್ಟಿಲ್ಲ, ನೋಡ್ಕೋ."

"ಬುದ್ಧನ್ನ ಬಿಟ್ಟು ಇದನ್ನ ತಂದ್ಯಾ? ತಲೆ ಕೆಟ್ಟಿದ್ಯಾ?"

"ತಂದ್ಕೊಡ್ತೀನಿ ಅಂದಿದ್ನಲ್ಲ. ಸ್ವಲ್ಪ ತಡ ಆಯ್ತು."

"ಮೂವತ್ತೊಂದು ವರ್ಷ!"

"ಅದೇ, ಸ್ವಲ್ಪ."

ಬಾಯಿಗೆ ಬಂದಂತೆ ಬೈದೆ. ಆಮೇಲೆ ನವಣೆ ಗಂಜಿ ಬಡಿಸಿದೆ. ಮೂರು ಚಳಿಗಾಲ ಅವನು ನಮ್ಮ ಜೊತೆಗಿದ್ದ. ಗಂಜಿಗೆ ಉಪ್ಪಿಲ್ಲ ಎಂದ, ಹಾಸಿಗೆ ಗಟ್ಟಿ ಎಂದ, ಗುಡಿಯ ಕೋಳಿಗಳಿಗೂ ಸಾಲಾಗಿ ನಿಲ್ಲಲು ಆಜ್ಞೆ ಮಾಡಿದ. ಕಳೆದ ವಸಂತದಲ್ಲಿ ತೀರಿಕೊಂಡ.

ಶವಪೆಟ್ಟಿಗೆ ಮುಚ್ಚುವ ಮೊದಲು ನಾನು ಭರಣಿ ತಂದು ಅವನ ಪಕ್ಕದಲ್ಲಿಟ್ಟೆ. ಗುಡಿಯ ಹಿರಿಯರು ನನ್ನ ಕೈ ಹಿಡಿದರು.

"ಷೆನ್, ನಿನ್ನ ಗತಿ ಏನೋ?"

"ಅಜ್ಜಾ, ಇವನು ಹೇಸರಗತ್ತೆ ಆದ್ರೆ ಮೊದಲ ದಿನವೇ ಯಜಮಾನನ್ನ ಒದ್ದು ಏಟು ತಿಂತಾನೆ. ನನಗಾದ್ರೆ ಹೊರೆ ಹೊತ್ತು ಅಭ್ಯಾಸ ಇದೆ."