ಮುಟ್ಟುಗೋಲು ಹಾಕಿದ ಬಿಸ್ಕತ್ತು

ಮುಳ್ಳು ಇನ್ನೂ ನಡುಗುತ್ತಿದೆ, ಈ ಆಸ್ಪತ್ರೆಯ ತೂಕದ ಯಂತ್ರಕ್ಕೂ ನಮ್ಮ ಯಜಮಾನರಿಗೂ ಒಂದೇ ಬುದ್ಧಿ, ಎಷ್ಟು ಹೊತ್ತಾದರೂ ಒಂದು ತೀರ್ಮಾನಕ್ಕೆ ಬರುವುದಿಲ್ಲ, ರೀ ಕಿಟಕಿ ಹಿಡ್ಕೋಬೇಡಿ, ನೆಟ್ಟಗೆ ನಿಲ್ಲಿ, ನಿಂತೇ ಇದೀನಲ್ಲೇ, ಮನೆಯಲ್ಲೂ ಹೀಗೇ, ದಿನಾ ಬೆಳಿಗ್ಗೆ ಬಚ್ಚಲ ಬಾಗಿಲಿಗೆ ಒರಗಿಕೊಂಡು ತೂಗಿಸಿಕೊಂಡು, ನೋಡು ಹೇಗೆ ಇಳಿದಿದೀನಿ ಅಂತ ಜಂಬ ಬೇರೆ — ಎರಡು ಕೆಜಿ ಏರಿದರೆ ಮೈಯಲ್ಲಿ ನೀರು ತುಂಬಿದೆ ಎಂದೇ ಅರ್ಥ, ಹೋದ ಸಲ ಮನೆಗೆ ಬಿಡುವಾಗ ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು, ಅಮ್ಮಾ ಹಾರ್ಟ್ ಸೋತಿದೆ, ಮತ್ತೆ ಅಡ್ಮಿಟ್ ಆಗೋ ಹಾಗೆ ಮಾಡ್ಕೋಬೇಡಿ, ಬಂದಾಗಲೆಲ್ಲ ಒಂದಿಷ್ಟು ಶಕ್ತಿ ಇಲ್ಲೇ ಬಿಟ್ಟು ಹೋಗ್ತಾರೆ, ಅಂದಿದ್ದರು, ಆವತ್ತಿನಿಂದ ಒಂದೇ ಹೆದರಿಕೆ, ಈ ಮನುಷ್ಯ ಇಲ್ಲದ ಮನೆಯಲ್ಲಿ ನಾನು ಯಾರನ್ನು ಬೈದುಕೊಂಡು ಬದುಕಲಿ, ಆ ವಾರ್ಡಿಗೋ ಜನ ತವರಿಗೆ ಬಂದ ಹಾಗೆ ಬರುತ್ತಾರೆ, ಹಾರ್ಟಿಗೆಂದು ಬಂದವರಿಗೆ ಶುಗರ್, ಶುಗರಿನವರಿಗೆ ಕಿಡ್ನಿ, ಮೊದಲು ಚಳಿಗಾಲಕ್ಕೆ ಮಾತ್ರ ತುಂಬ್ತಿತ್ತು ಅಜ್ಜಿ, ಈಗ ವರ್ಷವಿಡೀ ಜಾಗ ಇಲ್ಲ, ಹೋದೋರೇ ವಾಪಸ್ ಬರ್ತಾರೆ, ಎಂದಿದ್ದರು ಸಿಸ್ಟರ್, ನಮ್ಮವರಂತೂ ಗಾಲಿಕುರ್ಚಿಯಲ್ಲಿ ಏದುಸಿರು ಬಿಡುತ್ತಲೇ, ನನ್ನ ಕಿಟಕಿ ಪಕ್ಕದ ಮಂಚ ಖಾಲಿ ಇದೆಯೇನಮ್ಮ ಎಂದು ಕೇಳಿದ್ದರು, ಮಾನ ಹೋಯಿತು ನನಗೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಗಾದೆ ಮಾಡಿದವರು ಇಂಥ ಹಾರ್ಟ್ ನೋಡಿರಲಿಲ್ಲ, ಇವರು ಕುಡಿದದ್ದೆಲ್ಲ ಕಾಲಿಗೆ ಇಳಿಯುತ್ತದೆ, ಅದಕ್ಕೇ ಉಪ್ಪಿನ ಡಬ್ಬಿಯನ್ನು ಅಡುಗೆಮನೆಯಿಂದಲೇ ಗಡೀಪಾರು ಮಾಡಿದೆ, ಆದರೆ ನಲವತ್ತು ವರ್ಷ ಬೇಕರಿ ನಡೆಸಿದ ಮನುಷ್ಯನಿಗೆ ಶಿಷ್ಯರು ಕಡಿಮೆಯೇ, ಒಬ್ಬರಾದ ಮೇಲೊಬ್ಬರು ಉಪ್ಪು ಬಿಸ್ಕತ್ತು ಹಿಡಿದು, ಯಜಮಾನ್ರೇ ಹದ ಸರಿಯಾಗಿದೆಯಾ ನೋಡಿ, ಇವರು ಅದನ್ನು ಬೂಟಿನೊಳಗೆ, ದಿಂಬಿನ ಚೀಲದೊಳಗೆ, ರೇಡಿಯೋ ಹಿಂದೆ ಬಚ್ಚಿಡುವುದು, ನಾನು ಮುಟ್ಟುಗೋಲು ಹಾಕುವುದು, ಹಾಕಿದ ಮೇಲೆ ಬಿಸಾಡಲು ಕೈ ಬರುತ್ತದೆಯೇ, ಬೆಣ್ಣೆ ಹಾಕಿ ಮಾಡಿದ್ದು, ಇವರೇ ಕಲಿಸಿದ ಕೈಯದು, ಎತ್ತಿಟ್ಟರೆ ಹುಡುಕಿ ಕದಿಯುತ್ತಾರೆ, ಹಾವೂ ಸಾಯಬೇಕು ಕೋಲೂ ಮುರಿಯಬಾರದು, ಒಲೆಯ ಮುಂದೆ ನಿಂತು ಅಷ್ಟನ್ನೂ ನಾನೇ ತಿಂದು ಮುಗಿಸುತ್ತೇನೆ, ಇವರ ಪಾಲಿನ ಒಂದು ಹರಳು ಉಪ್ಪೂ ಇವರ ಬಾಯಿಗೆ ಬಿದ್ದಿಲ್ಲ — ಇನ್ನು ಬೆಳಗಾದರೆ ಕಾಲು ಒತ್ತಿ ನೋಡುವ ಕೆಲಸ, ಹೆಬ್ಬೆರಳಿನಿಂದ ಒತ್ತಿ ತೆಗೆದರೆ ಗುಳಿ ನಿಲ್ಲಬಾರದು, ನಿಂತರೆ ನೀರು, ಒತ್ತು ಒತ್ತು, ನಾನೂ ಹಿಟ್ಟನ್ನ ಹೀಗೇ ಒತ್ತಿ ನೋಡ್ತಿದ್ದೆ, ಪಾಪ ಅದೂ ಸುಮ್ನೆ ಒತ್ತಿಸ್ಕೋತಿತ್ತು, ಎನ್ನುತ್ತಾರೆ, ಇವರ ಮಾತ್ರೆ, ಇವರ ಕಾಲು, ಇವರ ತೂಕ, ಇದರಲ್ಲಿ ನನ್ನ ಬಿಪಿ ಮಾತ್ರೆ ಮುಗಿದು ಯಾವ ಕಾಲವಾಯಿತೋ, ಆಮೇಲೆ ತಂದರಾಯಿತು.

ನಿಂತಿತು ಮುಳ್ಳು, ಹೋದ ತಿಂಗಳಷ್ಟೇ ಇದೆ, ಭೇಷ್ ಅಜ್ಜ, ಕಾಲೂ ಇಳಿದಿದೆ, ಈ ಸಲ ಅಡ್ಮಿಷನ್ ಇಲ್ಲ, ಮನೆಗೆ ಹೋಗಿ, ಎಲ್ಲ ಅಜ್ಜಿ ಪುಣ್ಯ, ಸಿಸ್ಟರ್ ಹೀಗೆಂದಾಗ ಕಣ್ಣು ತುಂಬಿಬಂತು, ಗೆದ್ದೆ ಅನಿಸಿತು, ನಡೀರಿ ಹೋಗೋಣ, ಆದರೆ ಮತ್ತೆ ಆ ಮೆಟ್ಟಿಲು, ಈ ಆಸ್ಪತ್ರೆಯವರು ವರ್ಷವರ್ಷ ಮೆಟ್ಟಿಲು ಎತ್ತರ ಮಾಡುತ್ತಾರೋ ಏನೋ, ಬರುವಾಗ ನಡುವೆ ನಿಂತು ನಿಂತು ಹತ್ತಿದೆ, ನಿದ್ದೆಗೆಟ್ಟ ಮೈ, ಇವರ ಗೊರಕೆಗೆ ದಿಂಬಿನ ಮೇಲೆ ದಿಂಬು ಪೇರಿಸಿ ಕೂತೇ ಮಲಗುವವಳು, ಅಡ್ಡಾದರೆ ಉಸಿರು ಕಟ್ಟುತ್ತದೆ, ಗೊರಕೆ ಅಷ್ಟು ಜೋರು, ಮತ್ತೆ ಈ ಚಪ್ಪಲಿ ಕಾಲಿಗೆ ಯಾಕೆ ಹೋಗುತ್ತಿಲ್ಲ, ಬಾಗಿಲಲ್ಲಿ ಬಿಟ್ಟು ಒಳಗೆ ಹೋಗಿ ಬರುವಷ್ಟರಲ್ಲಿ ಕುಗ್ಗಿತೇ, ಅಂಗಡಿಯವನು ಟೋಪಿ ಹಾಕಿದ, ಇರೇ ನಾನು ಹಾಕ್ತೀನಿ, ಬೇಡ ರೀ, ಜನ ನೋಡ್ತಾರೆ, ನೋಡ್ಲಿ ಬಿಡೇ, ಎಂದು ಇವರು ನನ್ನ ಕಾಲ ಬಳಿ ಕೂತೇಬಿಟ್ಟರು, ಮದುವೆಯಾದಾಗಿನಿಂದ ಬಿದ್ದ ಚಮಚ ಎತ್ತಲೂ ಬಗ್ಗದ ಮನುಷ್ಯ, ದಿನಾ ನೀನು ಒತ್ತಿದೀಯ, ಇವತ್ತು ನನ್ನ ಸರದಿ, ಎಂದು ನಗುತ್ತಾ ಹೆಬ್ಬೆರಳು ಊರಿದರು, ನೋಯ್ಸಬೇಡಿ ಅಂದೆ ನಾನೂ ನಗುತ್ತಾ, ಈಗ ಇವರು ತಲೆ ಎತ್ತುತ್ತಿಲ್ಲ, ರೀ ಏಳಿ, ಏಳುತ್ತಿಲ್ಲ, ಸಿಸ್ಟರ್ ಸ್ವಲ್ಪ ಬನ್ನಿ ಇಲ್ಲಿ, ಇವರ ಧ್ವನಿ ಯಾಕೆ ಹೀಗೆ, ನನಗೇನಾಗಿದೆ, ಅದು ಬಿಸಿಲಿಗೆ, ಅದು ಬಿಗಿ ಚಪ್ಪಲಿಗೆ, ನಾನು ಮಲಗಿದರೆ ಇವರ ಮಾತ್ರೆ ಯಾರು, ಇವರ ತೂಕ, ಬೂಟಿನೊಳಗಿನ ಬಿಸ್ಕತ್ತು ಯಾರು — ಹೆಬ್ಬೆರಳು ಎತ್ತಿ ಎಷ್ಟು ಹೊತ್ತಾಯಿತು, ಗುಳಿ, ನನ್ನ ಕಾಲಿನ ಮೇಲೆ, ತುಂಬಿಕೊಳ್ಳುತ್ತಿಲ್ಲ, ಗುಳಿ