ನಿರುಪಮಾಳ ಕೋವಿಗೊಂದು ದಪ್ಪ ನಳಿಗೆ

೧

ಈ ಕಥೆಯನ್ನು ಕೋವಿಯಿಂದ ಶುರು ಮಾಡಬೇಕೋ ಕಾರಿನಿಂದಲೋ ಎಂದು ಎರಡು ದಿನ ಒದ್ದಾಡಿ, ಕೊನೆಗೆ ಹೀಗೆ ಬರೆದೆ: ‘ಪ್ರಹ್ಲಾದ್ ತನ್ನ ಬೇಟೆ ಕೋವಿಗೆ ಹೊಸ ನಳಿಗೆ ಹಾಕಿಸಲು ಹ್ಯೂಸ್ಟನ್ನಿಗೆ ಹೊರಟ. ಪಕ್ಕದ ಸೀಟಿನಲ್ಲಿ ಹೆಂಡತಿ ನಿರುಪಮಾ ಕೋಡುಬಳೆ ಡಬ್ಬಿ ಹಿಡಿದು ಕೂತಿದ್ದಳು.’

ಅಲ್ಲಿಗೇ ನಿರುಪಮಾ ನನ್ನನ್ನು ತಡೆದಳು.

“ಕೋವಿ ಯಾರದ್ದು ಸ್ವಾಮಿ?”

“ಪ್ರಹ್ಲಾದ್‌ದು.”

“ಅವರು ಜಿರಲೆ ಕಂಡರೂ ನನ್ನನ್ನೇ ಕೂಗ್ತಾರೆ. ಕೋವಿ ನಂದು. ಡ್ರೈವ್ ಮಾಡಿದ್ದೂ ನಾನೇ. ಕೋಡುಬಳೆ ತಿಂದಿದ್ದು ಮಾತ್ರ ಅವರು.”

(ಓದುಗರೇ, ಇಂಥ ಪಾತ್ರ ಸಿಕ್ಕರೆ ಡಿಲೀಟ್ ಒತ್ತುವುದೇ ಕ್ಷೇಮ. ಒತ್ತಿದೆ. ಪ್ಯಾರಾ ಹೋಯಿತು, ಅವಳು ಹೋಗಲಿಲ್ಲ.)

೨

ಸರಿ, ಇದ್ದದ್ದು ಇದ್ದ ಹಾಗೆ. ೨೦೦೫. ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್. ಮೈಸೂರಿನ ನಿರುಪಮಾ ಅಲ್ಲಿ ಚಿಪ್ ಕಂಪನಿಯೊಂದರಲ್ಲಿ ಎಂಜಿನಿಯರ್. ಅದೇ ಆಫೀಸಿನಿಂದ ರಿಟೈರ್ ಆದ ಡಾರತಿ ಅವಳಿಗೆ ಗುರಿ ಇಡುವುದನ್ನು ಕಲಿಸಿದಳು. ಮಂಡಿ ಕೈಕೊಟ್ಟ ಮೇಲೆ ತನ್ನ ಕೋವಿಯನ್ನೇ ಕೊಟ್ಟುಬಿಟ್ಟಳು. ವರ್ಷಗಟ್ಟಲೆ ಶನಿವಾರ ಶನಿವಾರ ಹೊಡೆದೂ ಹೊಡೆದೂ ನಳಿಗೆಯೊಳಗಿನ ಸುರುಳಿ ಗೆರೆಗಳು ಸವೆದವು. ಒಂದು ರೂಪಾಯಿ ನಾಣ್ಯದಗಲಕ್ಕೆ ಬೀಳುತ್ತಿದ್ದ ಗುಂಡುಗಳು ಊಟದ ತಟ್ಟೆಯಗಲಕ್ಕೆ ಚೆದುರಿದವು.

ಹಿಂದಿನ ನವೆಂಬರಿನಲ್ಲಿ ಒಂದು ಜಿಂಕೆಗೆ ಗುಂಡು ಭುಜದ ಹಿಂದೆ ಬೀಳುವ ಬದಲು ಹೊಟ್ಟೆಗೆ ಬಿತ್ತು. ಅದು ಓಡಿತು. ರಕ್ತದ ಜಾಡು ಹಿಡಿದು ಮೂರು ಗಂಟೆ ಹುಡುಕಿದರೂ ಸಿಗಲಿಲ್ಲ. ಎಲ್ಲೋ ಪೊದೆಯಲ್ಲಿ ನರಳಿಯೇ ಸತ್ತಿರಬೇಕು. ನಳಿಗೆ ಬದಲಾಯಿಸುವವರೆಗೆ ಪ್ರಾಣಿಯ ಕಡೆ ಕೋವಿ ಎತ್ತುವುದಿಲ್ಲ ಎಂದು ಅವತ್ತೇ ಅವಳು ತೀರ್ಮಾನಿಸಿದಳು.

(ಬೇಟೆಯಾಡುವವಳಿಗೆ ಇದೆಂಥ ಕರುಣೆ ಎಂದು ಕೇಳಿದೆ. “ನಿಮಗೆ ಅರ್ಥವಾಗಲ್ಲ, ಮುಂದೆ ಬರೀರಿ” ಅಂದಳು.)

ಸೆಪ್ಟೆಂಬರಿನಲ್ಲಿ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನಲ್ಲಿ ಸ್ನೇಹಿತರ ಗೃಹಪ್ರವೇಶವಿತ್ತು. ಹಾಗಾಗಿ ನಳಿಗೆ ಹಾಕಿಸಲು ಹೊರಟಾಗ ಪ್ರಹ್ಲಾದನೂ ಜೊತೆಗಿದ್ದ. ಹ್ಯೂಸ್ಟನ್ನಿನ ಕೋವಿ ರಿಪೇರಿ ಅಂಗಡಿಯ ಗ್ಯಾರಿ ಕೌಂಟರಿನ ಮೇಲಿದ್ದ ಕೋವಿಯನ್ನು ನೋಡಿ, ಅದನ್ನು ತಂದಿಟ್ಟವಳನ್ನು ಬಿಟ್ಟು, ಹಿಂದೆ ನಿಂತಿದ್ದ ಪ್ರಹ್ಲಾದನ ಜೊತೆ ಮಾತಿಗಿಳಿದ.

“ಸರ್, ನಿಮ್ಮ ಹೆಂಡತಿಗೆ ತೆಳ್ಳನೆಯ ನಳಿಗೆ ಹಾಕಿಸಿ. ಹಗುರ.”

“ತೆಳ್ಳಂದು ಮೂರನೇ ಗುಂಡಿಗೇ ಕಾದು ಗುರಿ ತಪ್ಪಿಸುತ್ತೆ,” ಎಂದಳು ನಿರುಪಮಾ. “ದಪ್ಪದ್ದು, ಇಪ್ಪತ್ನಾಲ್ಕು ಇಂಚು. ಹೊರೋ ಹೆಗಲು ನಂದು.”

ಫಾರ್ಮ್ ತುಂಬಿ ಸಹಿ ಹಾಕಿದಳು. ಇನ್ನೊಂದು ಫೋನ್ ನಂಬರ್ ಕೇಳಿದ್ದಕ್ಕೆ ಪ್ರಹ್ಲಾದನದನ್ನು ಬರೆದಳು.

ಆರು ವಾರ ಬಿಟ್ಟು ಇಬ್ಬರೂ ಹೋದರೆ ಕೋವಿಗೆ ತೆಳ್ಳನೆಯ, ಗಿಡ್ಡ ನಳಿಗೆ ಕೂತಿತ್ತು.

“ದಪ್ಪದ್ದು ತಡ ಆಗುತ್ತೆ ಅಂತ ನಿಮ್ಮವರಿಗೆ ಫೋನ್ ಮಾಡಿದ್ದೆ,” ಎಂದ ಗ್ಯಾರಿ. “ಓಕೆ ಅಂದರಲ್ಲ?”

ನಿರುಪಮಾ ಹಿಂತಿರುಗಿ ಗಂಡನನ್ನು ನೋಡಿದಳು.

“ಮೀಟಿಂಗಲ್ಲಿದ್ದೆ ಕಣೇ,” ಎಂದ ಪ್ರಹ್ಲಾದ. “ನಿನಗೂ ಭಾರ ಕಮ್ಮಿ ಆಗುತ್ತಲ್ಲ ಅಂತ...”

“ನನ್ನ ಕನ್ನಡಕದ ನಂಬರೂ ನೀವೇ ಹೇಳ್ತೀರಾ?”

ಅವಳ ಕಿವಿಗಳು ಬಿಸಿಯಾಗಿದ್ದವು. ಗ್ಯಾರಿಯಿಂದ ಆರ್ಡರ್ ಫಾರ್ಮ್ ತೆಗೆಸಿ, ಗಟ್ಟಿಯಾಗಿ ಓದು ಅಂದಳು. ಉಳಿದ ಗಿರಾಕಿಗಳೆಲ್ಲ ಇತ್ತ ತಿರುಗಿದರು. ಅವನು ಓದಿದ: ಅವಳ ಹೆಸರು, ದಪ್ಪ, ಇಪ್ಪತ್ನಾಲ್ಕು ಇಂಚು, ಅವಳ ಸಹಿ.

“ಬಿಚ್ಚು ಅದನ್ನ.”

“ಮೇಡಂ, ಬೇಟೆ ಸೀಸನ್ ಮುಂದಿನ ಶನಿವಾರ ಶುರು. ದಪ್ಪದ್ದು ಬರೋದು ಜನವರಿಗೆ. ಅಷ್ಟರಲ್ಲಿ ಸೀಸನ್ ಮುಗಿದಿರುತ್ತೆ.”

ವರ್ಷವಿಡೀ ಕಾದಿದ್ದಳು.

“ಮುಗೀಲಿ,” ಎಂದಳು. ಪ್ರಹ್ಲಾದನ ನಂಬರಿನ ಮೇಲೆ ತಾನೇ ಗೀಟು ಹಾಕಿ ಹೊರಗೆ ಬಂದಳು.

೪

(ಮೂರು ಎಲ್ಲಿ ಎಂದು ಕೇಳಬೇಡಿ. ಅದರಲ್ಲಿ ಪ್ರಹ್ಲಾದನ ಬಾಲ್ಯ ಬರೆದಿದ್ದೆ, ನೀವು ಅವನನ್ನು ಕ್ಷಮಿಸಲಿ ಎಂದು. ಹರಿದುಹಾಕಿಸಿದಳು.)

ಮುಗಿಸುವುದು ಹೇಗೆ? ಅಂತ್ಯ ಒಂದು: ಪ್ರಹ್ಲಾದ ಮೈಸೂರುಪಾಕು ಮಾಡಿ ಸಮಾಧಾನ ಮಾಡುತ್ತಾನೆ. “ಥೂ!” ಅಂದಳು. ಅಂತ್ಯ ಎರಡು: ಡಲ್ಲಾಸಿನಲ್ಲಿ ಒಬ್ಬ ಹೆಂಗಸಿನ ಕೋವಿ ಅಂಗಡಿ ಸಿಗುತ್ತದೆ, ಅಲ್ಲಿ ಎಲ್ಲವೂ ಸರಿಹೋಗುತ್ತದೆ. “ಗ್ಯಾರಿ ಮಾಡಿದ್ದನ್ನ ಗ್ಯಾರಿನೇ ಸರಿ ಮಾಡಬೇಕು. ನಾನ್ಯಾಕೆ ಡಲ್ಲಾಸಿಗೆ ಓಡಲಿ?”

ನಡೆದದ್ದು ಇಷ್ಟು. ವಾಪಸ್ ಆಸ್ಟಿನ್ನಿಗೆ ಬರುವಾಗ ದಾರಿಯಲ್ಲಿ ಬ್ರೆನಮ್ ಊರು ದಾಟಿದ ಮೇಲೆ ಅವಳು ಕೇಳಿದಳು: “ಅವನು ಫೋನ್ ಮಾಡಿದಾಗ ನನ್ನನ್ನ ಒಂದು ಮಾತು ಯಾಕೆ ಕೇಳಲಿಲ್ಲ?”

ಪ್ರಹ್ಲಾದ ಸುಳ್ಳು ಹೇಳುವ ಮನುಷ್ಯನಲ್ಲ.

“ಕೇಳಬೇಕು ಅಂತ ಹೊಳೀಲೇ ಇಲ್ಲ.”

ಅವನು ಸುಳ್ಳು ಹೇಳಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಜನವರಿಯಲ್ಲಿ ಒಬ್ಬಳೇ ಹೋಗಿ ದಪ್ಪ ನಳಿಗೆ ಹಾಕಿಸಿಕೊಂಡು ಬಂದಳು. ಗ್ಯಾರಿ ಈ ಸಲ ಅವಳ ಮುಖ ನೋಡಿ ಮಾತಾಡಿದ. ಗುರಿ ಅಭ್ಯಾಸದ ರೇಂಜಿನಲ್ಲಿ ಐದು ಗುಂಡೂ ಒತ್ತೊತ್ತಾಗಿ ಬಿದ್ದವು.

“ಪ್ರಹ್ಲಾದ್ ಸಾರಿ ಕೇಳಿದ್ದನ್ನ ಎಲ್ಲಿ ಸೇರಿಸಲಿ?” ಎಂದೆ.

“ಅವರಿನ್ನೂ ಕೇಳಿಲ್ಲ,” ಎಂದಳು. “ಆ ಜಾಗ ಖಾಲಿ ಬಿಡಿ. ನೀವು ತುಂಬಬೇಡಿ.”