ಮುಡಿಯದ ಹೂವಿನ ಗಿಡಗಳು

ನಮ್ಮ ತಾರಸಿಯ ಬಿಸಿಲು ಎಂಥದ್ದೆಂದು ತಿಳಿಯಬೇಕಾದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಬರಿಗಾಲಲ್ಲಿ ಬನ್ನಿ. ಕಾಫಿ ಕೊಡುತ್ತೇನೆ, ಅಂಗಾಲಿಗೆ ಹಚ್ಚಿಕೊಳ್ಳಲು ಮುಲಾಮನ್ನೂ ಕೊಡುತ್ತೇನೆ. ಅಮೃತಹಳ್ಳಿಯಲ್ಲಿ ನಮ್ಮದೊಂದು ಕಟ್ಟಡ. ಕೆಳಗಿನ ಮಹಡಿಗಳೆಲ್ಲ ಬಾಡಿಗೆಗೆ, ಮೇಲಿನದರಲ್ಲಿ ನಾವು: ನಾನು, ನನ್ನ ಅತ್ತೆ ಮುನಿಯಲ್ಲಮ್ಮ, ಮೈದುನ, ಅವನ ಹೆಂಡತಿ ಮಂಜುಶ್ರೀ. ಬೇಸಿಗೆಯಲ್ಲಿ ಫ್ಯಾನು ಹಾಕಿದರೆ ಬಿಸಿಗಾಳಿಯನ್ನೇ ತಿರುಗಿಸಿ ತಿರುಗಿಸಿ ಮುಖಕ್ಕೆ ಹೊಡೆಯುತ್ತದೆ.

"ಅಕ್ಕ, ಮೇಲೆ ಗಿಡ ಇಟ್ರೆ ಮನೆ ತಣ್ಣಗಿರುತ್ತಂತೆ," ಎಂದವಳು ಮಂಜುಶ್ರೀ. ಹೇಳಿದವಳು ಅವಳು, ಮಣ್ಣು ಹೊತ್ತವಳು ನಾನು. ಮೊದಲ ಸಲ ಚೆಂದ ಕಂಡದ್ದನ್ನೆಲ್ಲ ತಂದೆ. ನೆರಳಲ್ಲಿ ಬೆಳೆಯುವ ಜರೀಗಿಡ, ಬಣ್ಣದ ಎಲೆಯ ಗಿಡ, ಇನ್ನೂ ಏನೇನೋ. ಹದಿನೈದು ದಿನಕ್ಕೆ ಎಲ್ಲ ಹಪ್ಪಳವಾದವು. ಆಮೇಲೆ ನನಗೂ ಹಟ ಬಂತು. ಬಿಸಿಲಿಗೆ ಜಗ್ಗದ ಗಿಡಗಳನ್ನೇ ಆರಿಸಿ ತರುತ್ತೇನೆ, ಅವು ಹೇಗೆ ಸಾಯುತ್ತವೋ ನೋಡೇಬಿಡುತ್ತೇನೆ ಎಂದುಕೊಂಡೆ.

ಎಲ್ಲರಿಗೂ ಹೇಳಿದ ಷರತ್ತು ಅದೊಂದೇ. ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡ ಷರತ್ತು ಇನ್ನೊಂದಿತ್ತು. ನಾನು ತರುವ ಗಿಡದಲ್ಲಿ ಮುಡಿಯುವ ಹೂ ಬಿಡಬಾರದು.

ಯಾಕೆಂದರೆ ನನಗೆ ಹೂವೆಂದರೆ ಪ್ರಾಣ. ನನ್ನ ಗಂಡ ಮುನೇಶನಿಗೆ ಅದು ಗೊತ್ತಿತ್ತು. ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುತ್ತಿದ್ದ. ಬೇರೆ ದಿನ ಎಷ್ಟೊತ್ತಿಗೆ ಬರುತ್ತಿದ್ದನೋ ದೇವರಿಗೇ ಗೊತ್ತು, ಶುಕ್ರವಾರ ಮಾತ್ರ ದೀಪ ಹಚ್ಚುವ ಹೊತ್ತಿಗೆ ಬಂದೇ ಬರುತ್ತಿದ್ದ. ಕೈಯಲ್ಲಿ ಬಾಳೆಲೆಯ ಪೊಟ್ಟಣ, ಅದರಲ್ಲಿ ದುಂಡುಮಲ್ಲಿಗೆ. ನನ್ನ ಕೈಗೆ ಕೊಟ್ಟು ಸುಮ್ಮನೆ ಹೋಗುವ ಆಸಾಮಿಯಲ್ಲ. ನಾನು ಮುಡಿದುಕೊಳ್ಳುವವರೆಗೆ ಷೂ ಕೂಡ ಬಿಚ್ಚದೆ ಬಾಗಿಲಲ್ಲೇ ನಿಂತಿರುತ್ತಿದ್ದ. ಆಮೇಲೆ, "ಎಲ್ಲಿ, ತಿರುಗು," ಎನ್ನುತ್ತಿದ್ದ. ನಾನು ಬೆನ್ನು ತಿರುಗಿಸಿ ನಿಲ್ಲಬೇಕು, ಅವನು ನೋಡಬೇಕು. ಅತ್ತೆ ಅಡುಗೆಮನೆಯಲ್ಲಿದ್ದಾರೆ, ಮೈದುನ ಟಿವಿ ಮುಂದೆ ಇದ್ದಾನೆ, ಇವನಿಗೆ ನಾಚಿಕೆಯೇ ಇಲ್ಲ. ನಾನು ಬಯ್ಯುತ್ತಲೇ ತಿರುಗುತ್ತಿದ್ದೆ.

ಎರಡು ದೀಪಾವಳಿಯ ಹಿಂದೆ ಎದೆನೋವು ಅಂದ. ಆಸ್ಪತ್ರೆ ಮುಟ್ಟಲಿಲ್ಲ.

ಹನ್ನೊಂದನೆಯ ದಿನ ನಮ್ಮ ಕಡೆ ಒಂದು ಶಾಸ್ತ್ರ ಮಾಡುತ್ತಾರೆ. ಹೆಂಗಸನ್ನು ಕೂರಿಸಿ, ಹೊಸ ಬಳೆ ತೊಡಿಸಿ, ಕುಂಕುಮವಿಟ್ಟು, ಎಂದೂ ಮುಡಿಸದಷ್ಟು ಹೂ ಮುಡಿಸುತ್ತಾರೆ. ಆಮೇಲೆ ಒಂದೊಂದಾಗಿ ತೆಗೆಯುತ್ತಾರೆ. ಬಳೆ ತೆಗೆದಾಗ ಸುಮ್ಮನಿದ್ದೆ. ಹೂವಿಗೆ ಕೈ ಹಾಕಿದಾಗ ಕಿರುಚಿದೆ. ಆ ಹೊತ್ತಿನಲ್ಲಿ ನನ್ನ ಅತ್ತೆ ಒಳಗಿನ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದರು. ಮನೆಗೆ ಹಿರಿಯರು ಅವರು. ಹೊರಗೆ ಬಂದು "ಬೇಡ" ಎಂದು ಒಂದು ಮಾತು ಹೇಳಿದ್ದರೆ ಯಾರ ಕೈಯೂ ಮುಂದೆ ಬರುತ್ತಿರಲಿಲ್ಲ. ಬರಲಿಲ್ಲ ಪುಣ್ಯಾತ್ಗಿತ್ತಿ. ಅದನ್ನು ನಾನು ಮರೆತಿರಲಿಲ್ಲ.

ಈ ಕಾಲದಲ್ಲಿ ಯಾರು ತಾನೇ ತಡೀತಾರೆ ಎಂದು ನೀವು ಕೇಳಬಹುದು. ನಿಜ, ಮುಡಿಯಬೇಡ ಎಂದು ನನಗೆ ಯಾರೂ ಹೇಳಲಿಲ್ಲ. ಮುಡಿದುಕೋ ಎಂದೂ ಯಾರೂ ಹೇಳಲಿಲ್ಲ. ಹಬ್ಬದಲ್ಲಿ ಹೂವಿನ ತಟ್ಟೆ ಒಬ್ಬೊಬ್ಬರ ಮುಂದೆ ಬಂದು, ನನ್ನ ಹತ್ತಿರ ಬಂದಾಗ ಮಾತ್ರ ಹಿಡಿದವರಿಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ನನ್ನ ಕೈಯಾರೆ ತೆಗೆದುಕೊಂಡು ಮುಡಿಯಲು ನನಗೂ ಎದೆ ಸಾಲಲಿಲ್ಲ. ಶುಕ್ರವಾರ ಸಂಜೆಯಾದರೆ ಸಾಕು, ಕೈ ತಾನಾಗಿ ಜಡೆಯ ಹತ್ತಿರ ಹೋಗುತ್ತಿತ್ತು. ಹಾಳಾದ ಕೈ.

ಸರಿ, ಗಿಡ ತರಲು ಜಕ್ಕೂರಿನ ಕಡೆಯ ನರ್ಸರಿಗೆ ಹೊರಟೆ. ಎಂದೂ ಇಲ್ಲದ್ದು ಅತ್ತೆಯೂ "ನಾನೂ ಬತ್ತೀನಿ" ಎಂದು ಆಟೋ ಹತ್ತಿದರು. ನರ್ಸರಿಯ ಖಾದರ್ ಬಾಷಾ ಹಳೆಯ ಪರಿಚಯ, ಮುನೇಶನನ್ನೂ ಬಲ್ಲವನು. ಅವನು ತೋರಿಸಿದ, ನಾನು ಆರಿಸಿದೆ. ಕಾಗದದ ಹೂ, ಸರಿ. ಟೇಬಲ್ ರೋಸು, ಬಿಸಿಲೇರಿದರೇನೇ ಕಣ್ಣು ಬಿಡುವ ಹೂ, ಸರಿ. ನಿತ್ಯಪುಷ್ಪ, ಲೋಳೆಸರ, ಬುಡ ಊದಿಕೊಂಡ ಡೆಸರ್ಟ್ ರೋಸು, ಎಲ್ಲ ಸರಿ. ಕನಕಾಂಬರದ ಸಾಲು ಬಂದಾಗ ಮುಖ ತಿರುಗಿಸಿ ಮುಂದೆ ನಡೆದೆ. ಹಿಂದೆ ನೋಡಿದರೆ ಅತ್ತೆ ಕಪ್ಪು ಕವರಿನಲ್ಲಿದ್ದ ಒಂದು ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ದುಂಡುಮಲ್ಲಿಗೆ.

"ಇದೊಂದು ತಗೊ, ಕಲಾ," ಎಂದರು.

"ಬೇಡಿ ಅತ್ತೆ. ನಮ್ ಟೆರೇಸಿನ ಬಿಸ್ಲಿಗೆ ಒಂದೇ ವಾರ, ಒಣಗೋಗುತ್ತೆ."

ಬಾಷಾ ನಕ್ಕುಬಿಟ್ಟ. "ಏನಕ್ಕಾ ನೀವು! ಮಲ್ಲಿಗೆಗೆ ಬಿಸ್ಲೇ ಊಟ. ನೆರಳಲ್ಲಿಟ್ರೆ ಬರೀ ಎಲೆ ಬರುತ್ತೆ. ನಿಮ್ ಅತ್ತೇನೇ ಕೇಳಿ."

ಕೇಳುವುದೇನು ಬಂತು. ಈಗ ನಮ್ಮ ಕಟ್ಟಡ ನಿಂತಿರುವ ಜಾಗದಲ್ಲಿ ಒಂದು ಕಾಲಕ್ಕೆ ಮಲ್ಲಿಗೆ ತೋಟವಿತ್ತು, ಅತ್ತೆ ಅದರಲ್ಲೇ ಬೆನ್ನು ಬಗ್ಗಿಸಿ ಇಬ್ಬರು ಗಂಡುಮಕ್ಕಳನ್ನು ಸಾಕಿದ್ದು. ನಾನು ಶೆಟ್ಟಿಹಳ್ಳಿಯಿಂದ ಸೊಸೆಯಾಗಿ ಬರುವಷ್ಟರಲ್ಲಿ ತೋಟ ಹೋಗಿ ಪಾಯ ಬಿದ್ದಿತ್ತು. ನಮ್ಮಪ್ಪ ಕಾರ್ಖಾನೆ ಕೆಲಸಗಾರ, ನನಗೆ ಹೂ ಮುಡಿಯುವುದು ಗೊತ್ತಿತ್ತೇ ಹೊರತು ಬೆಳೆಯುವುದು ಗೊತ್ತಿರಲಿಲ್ಲ. ಅಂತೂ ನನ್ನ ನೆಪ ನೆಪವಾಗಿ ಉಳಿಯಲಿಲ್ಲ. ಮಲ್ಲಿಗೆ ಗಿಡ ಅತ್ತೆಯ ತೊಡೆಯ ಮೇಲೆ ಕೂತು ಮನೆಗೆ ಬಂತು. ಆಯ್ತು, ದೇವರಿಗೂ ಮಂಜುಶ್ರೀಗೂ ಹೂವಾಯ್ತಲ್ಲ, ನಾನು ನೀರು ಹೊತ್ತರಾಯ್ತು ಎಂದು ದಾರಿಯುದ್ದಕ್ಕೂ ಹಲ್ಲು ಕಡಿದೆ.

ಮೇ ತಿಂಗಳಲ್ಲಿ ಗಿಡದಲ್ಲಿ ನಾಲ್ಕಾರು ಮೊಗ್ಗು ಕಾಣಿಸಿಕೊಂಡವು. ನಾನು ಬೇಡವೆಂದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಒಂದು ಬೆಳಿಗ್ಗೆ ನೀರು ಹಾಕಲು ಹೋದರೆ ಅತ್ತೆ ಆ ಹಸಿ ಮೊಗ್ಗುಗಳನ್ನು ಒಂದೊಂದಾಗಿ ಚಿವುಟಿ ನೆಲಕ್ಕೆ ಎಸೆಯುತ್ತಿದ್ದಾರೆ.

"ಯಾಕತ್ತೆ?"

"ಈಗ್ಲೇ ಬ್ಯಾಡ," ಎಂದರು. ಅಷ್ಟೇ. ಅವರ ಬಾಯಿಂದ ಎರಡು ಮಾತು ಒಟ್ಟಿಗೆ ಬಂದರೆ ಮಳೆ ಬರುತ್ತದೆ.

ನನಗೆ ಅರ್ಥವಾಯಿತು ಎಂದುಕೊಂಡೆ. ಹೂವಿನ ಮೇಲಿನ ನನ್ನ ಆಸೆ ಮುಖದಲ್ಲೇ ಕಾಣುತ್ತಿರಬೇಕು, ಅದಕ್ಕೇ ಅರಳುವ ಮೊದಲೇ ಚಿವುಟುತ್ತಿದ್ದಾರೆ. ಕೆಳಗಿಳಿದು ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಬಾಡಿಗೆಯವರು ಮೇಲೆ ಬಂದು ಏನಾಯಿತು ಎಂದು ಕೇಳಿದರು.

ಮಳೆಗಾಲದಲ್ಲಿ ಗಿಡ ಮೊಣಕಾಲೆತ್ತರ ದಾಟಿ ಪೊದೆಯಾಯಿತು. ನನ್ನ ಕಾಗದದ ಹೂವೂ ಕೈಪಿಡಿಗೋಡೆಯ ಮೇಲೆಲ್ಲ ಹಬ್ಬಿತು, ಡೆಸರ್ಟ್ ರೋಸು ಗುಲಾಬಿ ಬಣ್ಣದ ಹೂ ಬಿಟ್ಟಿತು. ಮಂಜುಶ್ರೀ ಫೋಟೋ ತೆಗೆದು ಊರಿಗೆಲ್ಲ ಕಳಿಸಿದಳು. ಎಲ್ಲರೂ ಚೆನ್ನಾಗಿದೆ ಎಂದರು. ನಾನು ಅವುಗಳ ಮುಂದೆ ನಿಂತು ಮೂಸಿ ನೋಡಿದೆ. ಒಂದಕ್ಕೂ ವಾಸನೆಯಿಲ್ಲ.

ಡಿಸೆಂಬರ್ ಬಂತು. "ಮಲ್ಲಿಗೆಗೆ ನೀರು ಆಕ್ಬ್ಯಾಡ," ಎಂದು ಅತ್ತೆಯ ಅಪ್ಪಣೆಯಾಯಿತು. ಗಿಡ ಬಾಡತೊಡಗಿತು. ನಾನು ಕದ್ದು ಒಂದು ಚೊಂಬು ಸುರಿಯಲು ಹೋದರೆ ಕೈಯಿಂದ ಚೊಂಬು ಕಿತ್ತುಕೊಂಡರು. ಆಮೇಲೊಂದು ದಿನ ಕತ್ತರಿ ಹಿಡಿದು ಹತ್ತಿದವರು ಇಳಿಯಲೇ ಇಲ್ಲ. ಹೋಗಿ ನೋಡಿದರೆ ಪೊದೆಯನ್ನು ಅರ್ಧಕ್ಕೆ ಕತ್ತರಿಸಿದ್ದಾರೆ, ಉಳಿದ ಕೊಂಬೆಗಳ ಎಲೆಯನ್ನು ಒಂದೂ ಬಿಡದೆ ತರಿದಿದ್ದಾರೆ. ಕುಂಡದಲ್ಲಿ ಬರಿಯ ಕಡ್ಡಿ ನಿಂತಿತ್ತು. ಬಳೆಯಿಲ್ಲದ, ಹೂವಿಲ್ಲದ ಕಡ್ಡಿ.

ನನಗೆ ಎಲ್ಲಿತ್ತೋ ಆ ಸಿಟ್ಟು. "ನಿಮ್ಗೆ ಹೊಟ್ಟೆ ತಣ್ಣಗಾಯ್ತಾ?" ಎಂದೆ. "ಆವತ್ತು ಬಾಗ್ಲು ಹಾಕ್ಕೊಂಡು ಕೂತ್ರಿ. ಇವತ್ತು ನಿಮ್ ಕೈಯಾರೆ ಮಾಡಿದ್ರಿ. ಗಿಡ ಏನ್ ಪಾಪ ಮಾಡಿತ್ತು? ನಾನೇನ್ ಪಾಪ ಮಾಡಿದ್ದೆ?"

ಅತ್ತೆ ಕತ್ತರಿ ಕೆಳಗಿಟ್ಟರು. ಎಲೆಗಳನ್ನೆಲ್ಲ ಸೆರಗಿಗೆ ತುಂಬಿಕೊಂಡು ಇಳಿದುಹೋದರು. ಆಮೇಲೆ ಎರಡು ತಿಂಗಳು ನಾನು ಅವರೊಡನೆ ಊಟಕ್ಕೆ ಕರೆಯುವಷ್ಟೇ ಮಾತಾಡಿದೆ. ತಾರಸಿಯ ಆ ಮೂಲೆಗೆ ಕಾಲಿಡಲಿಲ್ಲ. ಅಲ್ಲಿಗೆ ಗೊಬ್ಬರ ಹೊತ್ತವರು, ನೀರು ಹೊತ್ತವರು ಅವರೇ. ಮಂಡಿನೋವಿನ ಮುದುಕಿ ಗೋಡೆ ಹಿಡಿದು ಹಿಡಿದು ಮೆಟ್ಟಿಲು ಹತ್ತುವುದು ಕೇಳಿಸುತ್ತಿತ್ತು. ಹತ್ತಲಿ, ನನಗೇನು ಎಂದು ಟಿವಿಯ ಸದ್ದು ಜಾಸ್ತಿ ಮಾಡುತ್ತಿದ್ದೆ.

ಮಾರ್ಚ್ ತಿಂಗಳ ಒಂದು ಶುಕ್ರವಾರ, ಸಂಜೆ, ಒಣಗಿದ ಬಟ್ಟೆ ತರಲು ಹೋದೆ. ನೆಲ ಇನ್ನೂ ಸುಡುತ್ತಿತ್ತು. ತಂತಿಯಿಂದ ಸೀರೆ ಎಳೆದುಕೊಳ್ಳುತ್ತಿದ್ದವಳಿಗೆ ಆ ವಾಸನೆ ಬಡಿಯಿತು. ನನ್ನ ಮುನೇಶ ಬಾಗಿಲಿಗೆ ಬಂದು ನಿಂತ ಹಾಗಾಯಿತು. ಸುಳ್ಳು ಹೇಳುತ್ತಿಲ್ಲ, ತಿರುಗಿ ನೋಡಿದೆ.

ಕಡ್ಡಿಗಳ ಮೇಲೆ ಹೊಸ ಚಿಗುರು, ಚಿಗುರಿನ ತುದಿ ತುದಿಗೂ ಮೊಗ್ಗು. ಎಲೆಗಿಂತ ಮೊಗ್ಗೇ ಹೆಚ್ಚು. ಸುತ್ತಲಿನ ಬಿಸಿಲನ್ನೆಲ್ಲ ಅದೊಂದೇ ಕುಡಿದ ಹಾಗಿತ್ತು. ಪಕ್ಕದಲ್ಲಿ ಅತ್ತೆ ಗೋಣಿಚೀಲದ ಮೇಲೆ ಕೂತು, ಮಡಿಲಲ್ಲಿ ಮೊಗ್ಗಿಟ್ಟುಕೊಂಡು, ನೆನೆಸಿದ ಬಾಳೆನಾರಿನಲ್ಲಿ ಕಟ್ಟುತ್ತಿದ್ದರು.

"ಕಡ್ಡಿ ಮಾಡ್ಬಿಟ್ಟಿದ್ರಲ್ಲ..." ಎಂದೆ.

"ಬಾಡಿಸಿ, ಕತ್ತರಿಸಿ, ಎಲೆ ತೆಗುದ್ರೇನೇ ಊವ ಬಿಡೋದು. ತೋಟದಾಗೆ ವರ್ಸವರ್ಸ ಇಂಗೇ ಮಾಡ್ತಿದ್ವಿ. ಮೊದ್ಲು ಬಂದ ಮೊಗ್ಗು ಚಿವುಟ್ದೆ, ಗಿಡಕ್ಕೆ ಬಲ ಬರ್ಲಿ ಅಂತ."

"ಆವತ್ತೇ ಹೇಳ್ಬಾರ್ದಿತ್ತಾ?"

"ಬಿಡ್ತದೋ ಇಲ್ವೋ, ಕುಂಡದಾಗೆ ನಾನು ಬೆಳ್ದೋಳಲ್ಲ. ಆಸೆ ತೋರ್ಸಿ ಮೋಸ ಆದ್ರೆ?" ಎಂದರು. ನಾರಿನ ತುದಿಗೆ ಗಂಟು ಹಾಕಿ, "ಕೂತ್ಕೊ, ತಲೆ ಬಗ್ಸು," ಎಂದರು.

ನಾನು ಕೂರಲಿಲ್ಲ. "ಮಂಜುಶ್ರೀಗಲ್ವಾ?" ಎಂದೆ.

"ಅವ್ಳ್ಗೆ ಅವ್ಳ ಗಂಡ ತರ್ತಾನೆ, ಬಾ," ಎಂದರು ಅತ್ತೆ. ಆಮೇಲೆ ನನ್ನ ಮುಖ ನೋಡದೆ, ಒಂದೇ ಉಸಿರಿಗೆ ಹೇಳಿದರು. "ನಂಗೆ ಊವ ತೆಗ್ಸಿದಾಗ ಮುನೇಶ ಅಂಬೆಗಾಲು ಇಡ್ತಿದ್ದ, ಚಿಕ್ಕೋನು ಒಟ್ಟೇಲಿದ್ದ. ಆವತ್ತಿಂದ ತೋಟ ಇರೋಗಂಟ ದಿನಾ ಊವ ಬಿಡ್ಸಿವ್ನಿ, ಕಟ್ಟಿವ್ನಿ, ಮಾರ್ಕೆಟ್ಗೆ ಕಳ್ಸಿವ್ನಿ. ಕೈಯೆಲ್ಲ ಅದೇ ವಾಸ್ನೆ. ಒಂದ್ ಮೊಗ್ಗು ತಲೆಗಿಟ್ಟಿಲ್ಲ. ಯಾರಾನ ಒಬ್ರು ಮುಡ್ಕೊಳೆ ಅಂದಾರು ಅಂತ ಕಾದೆ ಕಣಮ್ಮಿ. ಯಾರೂ ಅನ್ನಲಿಲ್ಲ. ನಿಂಗೆ ತೆಗ್ದಾಗ ಎದುರ್ಗೆ ಬಂದು ನಿಲ್ಸೋ ದೈರ್ಯ ನಂಗ್ ಬರಲಿಲ್ಲ. ನೀನು ಕಿರ್ಚಿದ್ದು ಇನ್ನೂ ಕಿವೀಲೈತೆ. ಮುಡ್ಕೊ ಅನ್ನೋಕೂ ಬಾಯಿ ಬರಲಿಲ್ಲ, ಅದ್ಕೇ ಗಿಡ ತಂದೆ. ಈಗ ಅಂತಿದೀನಿ. ಮುಡ್ಕೊ."

ನಾನು ಅವರ ಮುಂದೆ ಕುಸಿದು ಕೂತು ತಲೆ ಬಗ್ಗಿಸಿದೆ. ಒರಟು ಬೆರಳು ಜಡೆಯಲ್ಲಿ ಆಡಿದವು. ಹೂವಿನ ತಂಪು ಕತ್ತಿಗೆ ತಾಗಿತು. ನಾನು ಅತ್ತುಬಿಟ್ಟೆ, ಮುನೇಶ ಹೋದ ದಿನವೂ ಅಷ್ಟು ಅತ್ತಿರಲಿಲ್ಲ. ಅವರು ನನ್ನ ತಲೆಯ ಮೇಲೆ ಕೈಯಿಟ್ಟುಕೊಂಡೇ ಕೂತರು.

ಅಳು ನಿಂತ ಮೇಲೆ ಮಡಿಲಲ್ಲಿ ಉಳಿದಿದ್ದ ಗೇಣುದ್ದದ ತುಂಡನ್ನು ಎತ್ತಿಕೊಂಡೆ. "ಈಗ ನೀವು ಬಗ್ಗಿಸಿ."

"ಥೂ, ಉಚ್ಚು ಇಡೀತಾ ನಿಂಗೆ! ನಂಗೆಲ್ಲೈತೆ ಕೂದ್ಲು?" ಎಂದರು. ಎನ್ನುತ್ತಲೇ ತಲೆ ಬಗ್ಗಿಸಿದರು. ನಿಂಬೆಕಾಯಿ ಗಾತ್ರದ ಬೆಳ್ಳಗಿನ ಗಂಟು, ಹೂ ನಿಲ್ಲಲಿಲ್ಲ. ನನ್ನ ಪಿನ್ನು ತೆಗೆದು ಸಿಕ್ಕಿಸಿದೆ. ಅತ್ತೆ ಅದನ್ನು ಮುಟ್ಟಿ ಮುಟ್ಟಿ ನೋಡಿಕೊಂಡರು, ಕಣ್ಣು ಮುಚ್ಚಿಕೊಂಡರು. ಬಹಳ ಹೊತ್ತು ತೆರೆಯಲಿಲ್ಲ.

ಮೆಟ್ಟಿಲ ಹತ್ತಿರ ಬಂದಾಗ ನಾನು ನಿಂತುಬಿಟ್ಟೆ. ಕೆಳಗೆ ಮೈದುನ, ಮಂಜುಶ್ರೀ, ಬಾಡಿಗೆಯವರು, ನಾಳೆ ಇಡೀ ಬೀದಿ. "ತೆಗೆದು ಇಳಿಯೋಣ್ವಾ ಅತ್ತೆ?" ಎಂದೆ.

"ತೆಗುದ್ರೆ ಕೈ ಮುರೀತೀನಿ," ಎಂದು ಅವರೇ ಮುಂದೆ ಇಳಿದರು.

ಮಂಜುಶ್ರೀ ನಮ್ಮಿಬ್ಬರನ್ನೂ ನೋಡಿ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು. ಆಮೇಲೆ ಓಡಿಹೋಗಿ ಹಾಲ್‌ನ ದೀಪ ಹಾಕಿದಳು. ಗೋಡೆಯ ಮೇಲೆ ಮುನೇಶನ ಫೋಟೋ, ಅದೇ ಬಾಗಿಲಲ್ಲಿ ನಿಂತ ನಗು. ದೀಪ ಹಚ್ಚುವ ಹೊತ್ತು. ನಾನು ಅದರ ಮುಂದೆ ಹೋಗಿ ನಿಂತೆ.

ಬೆನ್ನು ತಿರುಗಿಸಿ ನಿಂತೆ.

ಅತ್ತೆ ಅಡುಗೆಮನೆಯಿಂದ ನೋಡಿದರು. ಹಿಂದಿನ ಶುಕ್ರವಾರಗಳ ಹಾಗೆ, ನೋಡದವರಂತೆ ಮುಖ ತಿರುಗಿಸಿಕೊಂಡು ಸಾರಿನ ಪಾತ್ರೆಗೆ ಮುಚ್ಚಳ ಹಾಕಿದರು.